ಕ್ಯಾಮೆರಾ ಕಾರ್ಡ್‌ನಲ್ಲಿ ಓಡುವ ಗೇರುಬೀಜದ ಮಿಷನ್

"ಫೋಟೋ ತೆಗೆಯುವ ಕಾರ್ಡ್‌ನಲ್ಲಿ ಮಿಷನ್ ಓಡ್ತದಾ ಮಾರಾಯ್ರೆ?" ಎಂದು ಕಾರ್ಕಳ ಕಡೆಯ ಗೇರುಬೀಜ ಕಾರ್ಖಾನೆಯ ಧಣಿಗಳು ನಕ್ಕಿದ್ದರು. ಓಡುತ್ತಿದೆ. ಎರಡು ಮಳೆಗಾಲ ಕಳೆಯಿತು.

ಅಲ್ಲಿ ಬಣ್ಣ ನೋಡಿ ಗೇರುಬೀಜ ಬೇರ್ಪಡಿಸುವ ಕಲರ್ ಸಾರ್ಟರ್‌ನಲ್ಲಿ ಹಳೇ ಎಂಬೆಡೆಡ್ ಬೋರ್ಡ್ (ಮಿಷನ್ನಿನೊಳಗಿನ ಪುಟ್ಟ ಕಂಪ್ಯೂಟರ್), ಲಿನಕ್ಸ್, ಐಡಿಇ ಎಂಬ ಹಳೇ ಬಗೆಯ 40 ಪಿನ್ನಿನ ಜೋಡಣೆಯ ಹಾರ್ಡ್‌ಡಿಸ್ಕ್. ನಡುಗುವ ಟ್ರೇ ಪಕ್ಕದಲ್ಲೇ ಡಿಸ್ಕ್ ಕೂತರೆ ಎಷ್ಟು ದಿನ ಬಾಳೀತು? ವರ್ಷಕ್ಕೊಂದು ಹೋಗುತ್ತಿತ್ತು. ಸೆಕೆಂಡ್‌ಹ್ಯಾಂಡ್ ಡಿಸ್ಕಿಗೇ 1500 ರೂಪಾಯಿ. ಕಂಟ್ರೋಲರ್ ಪೂರ್ತಿ ಬದಲಿಸಲು ಸರ್ವಿಸಿನವರು ಹೇಳಿದ್ದು ಒಂದೂಮುಕ್ಕಾಲು ಲಕ್ಷದ ಹತ್ತಿರ.

ನಾನು ಮಂಗಳೂರಿನಿಂದ ಕ್ಯಾಮೆರಾ ಕಾರ್ಡನ್ನು ಐಡಿಇ ಜಾಗಕ್ಕೆ ಸಿಕ್ಕಿಸುವ ಅಡಾಪ್ಟರ್ 250ಕ್ಕೆ, 4 ಜಿಬಿಯ ಕಾಂಪ್ಯಾಕ್ಟ್ ಫ್ಲ್ಯಾಶ್ ಎಂಬ ಆ ಕಾರ್ಡ್ 600ಕ್ಕೆ ತಂದೆ. ಮನೆಯಲ್ಲೇ ಯುಎಸ್‌ಬಿ ರೀಡರ್‌ನಲ್ಲಿ ಫೈಲ್ ಎಲ್ಲ ಇಳಿಸಿ, ಲಿಲೋ (ಲಿನಕ್ಸನ್ನು ಎಬ್ಬಿಸುವ ಪ್ರೋಗ್ರಾಂ) ಹಾಕಿ, ಮಿಷನ್ನಿಗೆ ಸಿಕ್ಕಿಸಿದೆ. ಪರದೆಯಲ್ಲಿ 'ಎಲ್', 'ಐ'. ಎರಡೇ ಅಕ್ಷರ. ಲಿಲೋದ ಉಳಿದರ್ಧ ಬರಲೇ ಇಲ್ಲ. ಮೂರು ಭಾನುವಾರ ಇದರಲ್ಲೇ ಹೋಯಿತು. ಕೊನೆಗೆ ಗೊತ್ತಾಯಿತು, ಕಾರ್ಡಿನೊಳಗಿನ ಜಾಗ ಗುರುತಿಸಲು ರೀಡರ್ ಹೆಡ್ಡು-ಸೆಕ್ಟರ್ ಎಣಿಸುವುದೇ ಬೇರೆ, ಆ ಬೋರ್ಡನ್ನು ಮೊದಲು ಎಬ್ಬಿಸುವ ಬಯೋಸ್ ಎಣಿಸುವುದೇ ಬೇರೆ. ಕಾರ್ಡನ್ನು ಅದೇ ಬೋರ್ಡಿನಲ್ಲಿಟ್ಟು, ಸಿಡಿಯಿಂದ ಬೂಟ್ ಮಾಡಿ, ಅಲ್ಲೇ ಲಿಲೋ ಹಾಕಿದೆ. ಎದ್ದಿತು.

ಎದ್ದಿತು, ಆದರೆ ಐದು ನಿಮಿಷ ತೆಗೆದುಕೊಂಡು! ಸಾಲು ಸಾಲು ಡಿಎಂಎ (ಪ್ರೊಸೆಸರನ್ನು ಕಾಯಿಸದೆ ನೇರ ಮೆಮೊರಿಗೆ ಡೇಟಾ ಸಾಗಿಸುವ ವಿಧಾನ) ಎರರ್. ಅಗ್ಗದ ಅಡಾಪ್ಟರ್ ಅಲ್ವಾ, ಡಿಎಂಎ ತಂತಿಗಳನ್ನು ಜೋಡಿಸಿರಲೇ ಇಲ್ಲ. ಲಿನಕ್ಸಿನ ತಿರುಳಾದ ಕರ್ನಲ್ಲಿಗೆ ಡಿಎಂಎ ಬೇಡ ಎಂದು ಹೇಳಿದ ಮೇಲೆ ಬೂಟ್ 40 ಸೆಕೆಂಡಿಗೆ ಬಂತು. ಹಾರ್ಡ್‌ಡಿಸ್ಕಿನಲ್ಲಿ ಒಂದೂವರೆ ನಿಮಿಷ ಬೇಕಿತ್ತು.

ನಡುವೆ ಸುಮ್ನೆ ಎಸ್‌ಡಿ ಕಾರ್ಡಿನ ಅಡಾಪ್ಟರನ್ನೂ ನೋಡಿದೆ. ಅದಕ್ಕೆಂದು ತಂದ 32 ಜಿಬಿ ಕಾರ್ಡನ್ನು ನಿಜವಾದ ಗಾತ್ರ ಅಳೆಯುವ ಎಫ್3 ಪ್ರೋಗ್ರಾಂನಲ್ಲಿ ಪರೀಕ್ಷಿಸಿದರೆ ಒಳಗಿದ್ದದ್ದು 8 ಜಿಬಿಯೂ ಇಲ್ಲ. 400 ರೂಪಾಯಿ ನೀರಿಗೆ.

ನಿಜವಾದ ಪೆಟ್ಟು ಜೂನ್‌ನಲ್ಲಿ ಬಿತ್ತು. ಮಳೆ ಶುರುವಾಯಿತು, ದಿನಕ್ಕೆ ಹತ್ತು ಸಲ ಕರೆಂಟ್ ಹೋಗಿ ಬಂತು, ಕಾರ್ಡಿಗೆ ಬರೆಯುತ್ತಿದ್ದಾಗಲೇ ಕರೆಂಟ್ ಕೈಕೊಟ್ಟು ಫೈಲ್‌ಸಿಸ್ಟಮ್ ಕೆಟ್ಟಿತು. ಧಣಿಗಳು ಫೋನಿನಲ್ಲಿ "ನಾನು ಎಂತ ಹೇಳಿದ್ದೆ?" ಎಂದರು. ಆಗ ಸ್ವಾಪ್ (ಮೆಮೊರಿ ಸಾಲದಾಗ ಕಾರ್ಡಿಗೆ ಬರೆಯುವ ಜಾಗ) ತೆಗೆದೆ, ರೂಟನ್ನು, ಅಂದರೆ ಸಿಸ್ಟಮ್ ಫೈಲ್ ಇರುವ ಭಾಗವನ್ನು, ರೀಡ್‌-ಓನ್ಲಿ ಮಾಡಿದೆ, ಲಾಗ್ ಎಲ್ಲ ರ್‍ಯಾಮಿಗೆ ಹಾಕಿದೆ. ಸಾರ್ಟರಿನ ಪ್ರೋಗ್ರಾಂ ತನ್ನದೇ ಫೋಲ್ಡರಿನಲ್ಲಿ ಬರೆಯಲೇಬೇಕು ಎಂದು ಹಟ ಹಿಡಿಯುತ್ತಿತ್ತು. ಅದನ್ನು ಹೇಗೆ ಒಪ್ಪಿಸಿದೆ ಎಂದು ಇಲ್ಲಿ ಹೇಳುವುದಿಲ್ಲ, ಹೊಟ್ಟೆಪಾಡು. ಕಾರ್ಡನ್ನೂ ಬದಲಿಸಿ ಎಸ್‌ಎಲ್‌ಸಿ (ಹೆಚ್ಚು ಸಲ ಬರೆದರೂ ಬಾಳುವ ಬಗೆ) ಇಂಡಸ್ಟ್ರಿಯಲ್ ಕಾರ್ಡ್ ಹಾಕಿದೆ, ಸುಮಾರು 3500. ಹಾಳಾದದ್ದೂ ಸೇರಿ ಒಟ್ಟು ಐದೂವರೆ ಸಾವಿರದೊಳಗೆ ಮುಗಿಯಿತು.

ಈಗ ಪ್ಯಾನೆಲ್ ಬಾಗಿಲ ಒಳಬದಿಗೆ ಅದೇ ಇಮೇಜಿನ ಇನ್ನೊಂದು ಕಾರ್ಡ್, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಟೇಪ್ ಅಂಟಿಸಿಟ್ಟಿದ್ದೇನೆ. ಇದುವರೆಗೆ ಬಿಚ್ಚಬೇಕಾಗಿ ಬಂದಿಲ್ಲ. ಎರಡನೇ ಮಿಷನ್ನಿಗೂ ಮಾಡಿಕೊಡಿ ಎಂದು ಧಣಿಗಳೇ ಕೇಳಿದ್ದಾರೆ. ಅದರಲ್ಲಿರುವುದು ವಿಂಡೋಸ್ ಎಕ್ಸ್‌ಪಿ. ತನ್ನನ್ನು ರಿಮೂವಬಲ್ (ಕಳಚುವ ಡ್ರೈವ್) ಎಂದು ಹೇಳಿಕೊಳ್ಳುವ ಕಾರ್ಡ್ ಕಂಡರೆ ಅದಕ್ಕಾಗದು. ಫಿಕ್ಸೆಡ್ (ಕಾಯಂ ಡಿಸ್ಕ್) ಎಂದು ಹೇಳುವ ಕಾರ್ಡಿಗೆ ಆರ್ಡರ್ ಹಾಕಿ ಕಾಯುತ್ತಿದ್ದೇನೆ.