ಋತುಬಂಧದ ನಂತರದ ಹಾರ್ಮೋನ್ ಚಿಕಿತ್ಸೆ: ಕ್ಯಾನ್ಸರ್ ಅಪಾಯವನ್ನು ಅಳೆದು ನೋಡುವ ಬಗೆ

ಋತುಬಂಧದ ನಂತರ ಮೈ ಬಿಸಿಯೇರುವುದು, ರಾತ್ರಿಯ ಬೆವರು ಮುಂತಾದ ತೊಂದರೆಗಳಿಗೆ ಕೊಡುವ ಹಾರ್ಮೋನ್ ಚಿಕಿತ್ಸೆಯಿಂದ ಕ್ಯಾನ್ಸರ್ ಬರುತ್ತದೆಯೇ ಎಂದು ಕೇಳಿದರೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಲಾಗದು. ಯಾವ ಹಾರ್ಮೋನ್, ಗರ್ಭಕೋಶ ಇದೆಯೇ, ಎಷ್ಟು ವರ್ಷ ತೆಗೆದುಕೊಳ್ಳಬೇಕೆಂದಿದೆ, ಯಾವ ಅಂಗದ ಕ್ಯಾನ್ಸರಿನ ಬಗ್ಗೆ ಭಯ ಎಂಬ ನಾಲ್ಕು ಸಂಗತಿಗಳು ಗೊತ್ತಾದ ಮೇಲಷ್ಟೇ ಆ ಪ್ರಶ್ನೆಗೆ ಅರ್ಥ ಬರುತ್ತದೆ. ವೈದ್ಯರ ಬಳಿ ಹೋಗುವ ಮುನ್ನ ಇವನ್ನು ಒಂದೊಂದಾಗಿ ಬಿಡಿಸಿಕೊಳ್ಳುವುದು ಒಳ್ಳೆಯದು.

ಮೊದಲು ಗರ್ಭಕೋಶದ ವಿಚಾರ. ಗರ್ಭಕೋಶ ಇರುವವರು, ಋತುಬಂಧದ ನಂತರ ದೇಹದಲ್ಲಿ ಕುಸಿಯುವ ಹಾರ್ಮೋನಾದ ಈಸ್ಟ್ರೋಜೆನ್ ಒಂದನ್ನೇ ತೆಗೆದುಕೊಂಡರೆ ಅದರ ಒಳಪದರ ದಪ್ಪವಾಗುತ್ತ ಹೋಗಿ, ವರ್ಷಗಳು ಕಳೆದಂತೆ ಕೆಲವರಲ್ಲಿ ಕ್ಯಾನ್ಸರಿಗೆ ತಿರುಗುತ್ತದೆ. 1975ರಲ್ಲಿ ಪ್ರಕಟವಾದ ಅಧ್ಯಯನಗಳು ಇದನ್ನು ಎತ್ತಿ ತೋರಿಸಿದ ಮೇಲೆ, ಒಳಪದರವನ್ನು ಹಿಡಿತದಲ್ಲಿಡುವ ಪ್ರೊಜೆಸ್ಟೋಜೆನ್ ಎಂಬ ಇನ್ನೊಂದು ಬಗೆಯ ಹಾರ್ಮೋನನ್ನು ಜೊತೆಗೆ ಕೊಡುವುದು ಕಡ್ಡಾಯವೆನ್ನುವಷ್ಟು ರೂಢಿಗೆ ಬಂತು. ಅದನ್ನು ಪ್ರತಿದಿನ ಕೊಡಬಹುದು, ತಿಂಗಳಿಗೆ 12ರಿಂದ 14 ದಿನ ಕೊಡಬಹುದು, ಇಲ್ಲವೇ ಗರ್ಭಕೋಶದೊಳಗೆ ಲೆವೊನಾರ್ಜೆಸ್ಟ್ರೆಲ್ ಎಂಬ ಪ್ರೊಜೆಸ್ಟೋಜೆನ್ ಬಿಡುಗಡೆ ಮಾಡುವ ಸಾಧನವನ್ನು ಅಳವಡಿಸಬಹುದು. ಇಲ್ಲಿ ಒಂದು ಎಡವಟ್ಟು ಸುಲಭವಾಗಿ ಆಗುತ್ತದೆ. ಈಸ್ಟ್ರೋಜೆನ್ ಚರ್ಮಕ್ಕೆ ಅಂಟಿಸುವ ಪ್ಯಾಚಿನಲ್ಲಿ, ಪ್ರೊಜೆಸ್ಟೋಜೆನ್‌ಗಳಲ್ಲಿ ಒಂದಾದ ಪ್ರೊಜೆಸ್ಟರೋನ್ ಬೇರೆ ಕ್ಯಾಪ್ಸೂಲಿನಲ್ಲಿ ಇರುವಾಗ, ಕ್ಯಾಪ್ಸೂಲ್ ನುಂಗಿದರೆ ಮಂಪರು ಬರುತ್ತದೆಂದು ಅದನ್ನು ಮಾತ್ರ ಬಿಟ್ಟು ಪ್ಯಾಚನ್ನು ಮುಂದುವರಿಸಿದರೆ, ಅಪಾಯವನ್ನು ತಡೆಯುತ್ತಿದ್ದ ಅರ್ಧವನ್ನೇ ಬಿಟ್ಟಂತಾಗುತ್ತದೆ. ಮಂಪರು ತೊಂದರೆ ಕೊಟ್ಟರೆ ಕ್ಯಾಪ್ಸೂಲನ್ನು ಮಲಗುವ ಹೊತ್ತಿಗೆ ತೆಗೆದುಕೊಳ್ಳಬೇಕು, ಆಗಲೂ ಸರಿಹೋಗದಿದ್ದರೆ ಬದಲಿ ಕೇಳಬೇಕು.

ಗರ್ಭಕೋಶ ತೆಗೆಸಿಕೊಂಡವರಿಗೆ ಸಾಮಾನ್ಯವಾಗಿ ಈಸ್ಟ್ರೋಜೆನ್ ಒಂದೇ ಸಾಕು. ಆದರೂ ಹಳೆಯ ಡಿಸ್ಚಾರ್ಜ್ ಸಮ್ಮರಿಯನ್ನು ಹುಡುಕಿ ತೆಗೆಯಿರಿ. ಗರ್ಭಕೋಶವನ್ನು ಪೂರ್ತಿ ತೆಗೆದರೇ, ಗರ್ಭಕಂಠವನ್ನು ಉಳಿಸಿದರೇ, ಅಂಡಾಶಯಗಳು ಇವೆಯೇ, ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೂ ಬೆಳೆಯುವ ಎಂಡೊಮೆಟ್ರಿಯೋಸಿಸ್ ಇತ್ತೇ ಎಂಬುದೆಲ್ಲ ಅದರಲ್ಲಿರುತ್ತದೆ, ಮತ್ತು ಇವುಗಳಲ್ಲಿ ಕೆಲವು ಉತ್ತರಗಳು ಔಷಧದ ಆಯ್ಕೆಯನ್ನೇ ಬದಲಿಸುತ್ತವೆ.

ಇನ್ನು ಸ್ತನ ಕ್ಯಾನ್ಸರ್. ಭಯವೆಲ್ಲ ಬೇರೂರಿರುವುದು ಇಲ್ಲಿಯೇ. ಅಮೆರಿಕದ ವುಮೆನ್ಸ್ ಹೆಲ್ತ್ ಇನಿಷಿಯೇಟಿವ್ ಅಧ್ಯಯನದಲ್ಲಿ 16,608 ಮಹಿಳೆಯರಲ್ಲಿ ಕೆಲವರಿಗೆ ಎರಡೂ ಹಾರ್ಮೋನ್ ಸೇರಿದ ಮಾತ್ರೆಯನ್ನೂ ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆಯನ್ನೂ ಕೊಟ್ಟು ಹೋಲಿಸಲಾಗುತ್ತಿತ್ತು. 2002ರಲ್ಲಿ ಅದನ್ನು ಅವಧಿಗೆ ಮುನ್ನವೇ ನಿಲ್ಲಿಸಿದಾಗ ಅಪಾಯ ಶೇ. 26ರಷ್ಟು ಹೆಚ್ಚು ಎಂಬ ಸುದ್ದಿ ಹರಡಿ, ಲಕ್ಷಾಂತರ ಮಹಿಳೆಯರು ಚಿಕಿತ್ಸೆಯನ್ನೇ ಕೈಬಿಟ್ಟರು. ಶೇಕಡಾವಾರು ಲೆಕ್ಕ ಕಂಡಾಗಲೆಲ್ಲ ಅದನ್ನು ತಲೆಗಳ ಲೆಕ್ಕಕ್ಕೆ ಇಳಿಸಿ ನೋಡಬೇಕು. ಹುಸಿ ಮಾತ್ರೆ ತೆಗೆದುಕೊಂಡ 10,000 ಮಹಿಳೆಯರಲ್ಲಿ ವರ್ಷಕ್ಕೆ 30 ಮಂದಿಗೆ ಸ್ತನ ಕ್ಯಾನ್ಸರ್ ಕಂಡರೆ, ಹಾರ್ಮೋನ್ ತೆಗೆದುಕೊಂಡ 10,000 ಮಂದಿಯಲ್ಲಿ 38. ಹೆಚ್ಚಾದದ್ದು ಎಂಟು. ಈ ಎಂಟನ್ನು ಸಣ್ಣದೆಂದು ತಳ್ಳಿಹಾಕುವಂತಿಲ್ಲ, ಆದರೆ ಶೇ. 26 ಎಂದಾಗ ಮನಸ್ಸಿನಲ್ಲಿ ಮೂಡುವ ಚಿತ್ರವೇ ಬೇರೆ. ಅಲ್ಲಿ ಭಾಗವಹಿಸಿದವರ ಸರಾಸರಿ ವಯಸ್ಸು 63 ಇತ್ತೆಂಬುದನ್ನೂ ಮರೆಯಬಾರದು. ಚಿಕಿತ್ಸೆ ಕೇಳಿಕೊಂಡು ಬರುವವರು ಹೆಚ್ಚಾಗಿ 50ರ ಆಸುಪಾಸಿನವರು.

ಅವಧಿಯೂ ಮುಖ್ಯ. 2019ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ದೊಡ್ಡ ವಿಶ್ಲೇಷಣೆಯ ಅಂದಾಜಿನಂತೆ, 50ನೇ ವಯಸ್ಸಿನಲ್ಲಿ ಆರಂಭಿಸಿ ಐದು ವರ್ಷ ಈಸ್ಟ್ರೋಜೆನ್ ಮತ್ತು ಪ್ರತಿದಿನದ ಪ್ರೊಜೆಸ್ಟೋಜೆನ್ ತೆಗೆದುಕೊಂಡರೆ, 69ರೊಳಗೆ ಪ್ರತಿ 50 ಮಂದಿಗೆ ಒಬ್ಬರಂತೆ ಸ್ತನ ಕ್ಯಾನ್ಸರ್ ಹೆಚ್ಚುತ್ತದೆ. ಪ್ರೊಜೆಸ್ಟೋಜೆನ್ ತಿಂಗಳಲ್ಲಿ ಕೆಲವು ದಿನ ಮಾತ್ರ ಇದ್ದರೆ 70ಕ್ಕೆ ಒಬ್ಬರು, ಈಸ್ಟ್ರೋಜೆನ್ ಒಂದೇ ಆದರೆ 200ಕ್ಕೆ ಒಬ್ಬರು. ಅಮೆರಿಕದ ಅಧ್ಯಯನದಲ್ಲಾದರೋ, ಗರ್ಭಕೋಶ ಇಲ್ಲದೆ ಈಸ್ಟ್ರೋಜೆನ್ ಮಾತ್ರ ಪಡೆದವರಲ್ಲಿ ಸ್ತನ ಕ್ಯಾನ್ಸರ್ ಕಡಿಮೆಯೇ ಕಂಡಿತ್ತು. ಈ ಎರಡು ಫಲಿತಾಂಶಗಳು ಪರಸ್ಪರ ಹೊಂದುವುದಿಲ್ಲ. ಆದರೆ ಎರಡು ಹಾರ್ಮೋನ್ ಸೇರಿದಾಗಿನ ಅಪಾಯ ಈಸ್ಟ್ರೋಜೆನ್ ಒಂದರದಕ್ಕಿಂತ ಹೆಚ್ಚು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಗರ್ಭಕೋಶವನ್ನು ಕಾಯುವ ಔಷಧವೇ ಸ್ತನದ ಅಪಾಯವನ್ನು ಏರಿಸುವುದು ಈ ಚಿಕಿತ್ಸೆಯ ದೊಡ್ಡ ಇಕ್ಕಟ್ಟು.

ಅಂಡಾಶಯದ ಕ್ಯಾನ್ಸರಿನ ಹೆಚ್ಚಳ ಇದಕ್ಕಿಂತ ಬಹಳ ಕಡಿಮೆ: ಐದು ವರ್ಷದ ಬಳಕೆಗೆ 1,000 ಮಂದಿಯಲ್ಲಿ ಸುಮಾರು ಒಬ್ಬರು. ಯೋನಿಯ ಒಣಗುವಿಕೆ, ಉರಿ ಮಾತ್ರ ಇರುವವರು ಅಲ್ಲಿಗಷ್ಟೇ ಹಚ್ಚುವ ಕಡಿಮೆ ಪ್ರಮಾಣದ ಈಸ್ಟ್ರೋಜೆನ್ ಕ್ರೀಮನ್ನು ಕೇಳಬಹುದು. ಅದು ರಕ್ತಕ್ಕೆ ಸೇರುವುದು ತೀರಾ ಕಡಿಮೆ, ಸ್ತನ ಕ್ಯಾನ್ಸರ್ ಹೆಚ್ಚಿದ್ದೂ 2019ರ ಆ ವಿಶ್ಲೇಷಣೆಯಲ್ಲಿ ಕಂಡಿಲ್ಲ.

ಸ್ತನ ಕ್ಯಾನ್ಸರ್ ಬಂದು ಹೋದವರಿಗೆ ಮಾತ್ರೆ ಅಥವಾ ಪ್ಯಾಚಿನ ಹಾರ್ಮೋನ್ ಸಾಮಾನ್ಯವಾಗಿ ಸಲ್ಲದು. ಅವರಿಗೆ ಮೈ ಬಿಸಿಯೇರುವುದನ್ನು ತಗ್ಗಿಸುವ, ಹಾರ್ಮೋನ್ ಅಲ್ಲದ ಔಷಧಗಳಿವೆ. ಸ್ತನ ಕ್ಯಾನ್ಸರ್ ಮರಳದಂತೆ ಕೊಡುವ ಟ್ಯಾಮೊಕ್ಸಿಫೆನ್ ತೆಗೆದುಕೊಳ್ಳುತ್ತಿದ್ದರೆ ಮಾತ್ರ, ಈ ಔಷಧಗಳಲ್ಲಿ ಒಂದಾದ, ಟ್ಯಾಮೊಕ್ಸಿಫೆನ್ ಕೆಲಸವನ್ನು ಕುಂದಿಸುವ ಪ್ಯಾರಾಕ್ಸೆಟಿನ್ ಬೇಡವೆಂದು ಹೇಳಬೇಕು. ಇದಕ್ಕೆ ವಿರುದ್ಧವಾದ ಸ್ಥಿತಿ 40ರೊಳಗೆ ಮುಟ್ಟು ನಿಂತವರದು. ಅವರು ಸಹಜ ಋತುಬಂಧದ ವಯಸ್ಸಿನವರೆಗೆ ಹಾರ್ಮೋನ್ ತೆಗೆದುಕೊಳ್ಳುವುದು ದೇಹದಲ್ಲಿ ಇರಬೇಕಾದದ್ದನ್ನೇ ತುಂಬಿಕೊಟ್ಟಂತೆ. ಮೇಲೆ ಹೇಳಿದ ಅಂಕಿಗಳನ್ನು ಓದಿ ಅವರು ಹೆದರಬೇಕಾಗಿಲ್ಲ.

ಆರಂಭಿಸುವ ಮುನ್ನ ಮ್ಯಾಮೊಗ್ರಾಂ (ಸ್ತನದ ಎಕ್ಸ್-ರೇ) ಆಗಿರಲಿ, ತಾಯಿ ಮತ್ತು ಅಕ್ಕತಂಗಿಯರಲ್ಲಿ ಯಾರಿಗೆ ಯಾವ ವಯಸ್ಸಿನಲ್ಲಿ ಕ್ಯಾನ್ಸರ್ ಬಂದಿತ್ತೆಂದು ಬರೆದುಕೊಂಡಿರಿ. ಆರಂಭಿಸಿದ ಮೇಲೆ ರಕ್ತ ಕಂಡ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಮೊದಲ ಕೆಲವು ತಿಂಗಳು ಆಗಾಗ ರಕ್ತದ ಕಲೆ ಕಾಣುವುದುಂಟು; ಆರು ತಿಂಗಳ ನಂತರವೂ ಮುಂದುವರಿದರೆ, ಅಥವಾ ನಿಂತಿದ್ದ ರಕ್ತಸ್ರಾವ ಮತ್ತೆ ಶುರುವಾದರೆ, ಒಳಪದರದ ದಪ್ಪವನ್ನು ಅಳೆಯುವ ಸ್ಕ್ಯಾನ್ ಮಾಡಿಸಬೇಕು, ಅಗತ್ಯ ಬಿದ್ದರೆ ಒಳಪದರದ ಚೂರನ್ನು ತೆಗೆದು ಪರೀಕ್ಷಿಸುವ ಬಯಾಪ್ಸಿಯನ್ನೂ ಮಾಡಿಸಬೇಕು. ಮ್ಯಾಮೊಗ್ರಾಂ ಮಾಡುವವರಿಗೆ ಹಾರ್ಮೋನ್ ತೆಗೆದುಕೊಳ್ಳುತ್ತಿರುವುದನ್ನು ತಿಳಿಸಿ, ಏಕೆಂದರೆ ಅದು ಸ್ತನದ ಅಂಗಾಂಶವನ್ನು ದಟ್ಟವಾಗಿಸಿ ಚಿತ್ರವನ್ನು ಓದುವುದನ್ನು ಕಷ್ಟವಾಗಿಸುತ್ತದೆ.

ವರ್ಷಕ್ಕೊಮ್ಮೆ ವೈದ್ಯರೊಡನೆ ಕುಳಿತು ಚಿಕಿತ್ಸೆ ಇನ್ನೂ ಬೇಕೇ ಎಂದು ಚರ್ಚಿಸಿ. ನಿಲ್ಲಿಸಿದಾಗ ಕೆಲವರಿಗೆ ರಾತ್ರಿಯ ಬೆವರು ಮರಳುತ್ತದೆ. ಸ್ತನದ ಅಪಾಯ ಇಳಿಯುತ್ತದಾದರೂ, ಬಹಳ ವರ್ಷ ತೆಗೆದುಕೊಂಡವರಲ್ಲಿ ಹತ್ತು ವರ್ಷಕ್ಕೂ ಮೀರಿ ಸ್ವಲ್ಪ ಉಳಿದಿರುವುದರಿಂದ, ಮಾತ್ರೆ ಬಿಟ್ಟ ಮೇಲೂ ಮ್ಯಾಮೊಗ್ರಾಂ ಮುಂದುವರಿಯಬೇಕು.