ತಲೆಸುತ್ತು ಬಂದವರ ಕಣ್ಣು ನೋಡಿ ಕಿವಿಯ ತೊಂದರೆ ಹಿಡಿಯುವುದು: ನನ್ನ ಅನುಭವ

ತಲೆಸುತ್ತು ಎಂದು ಬರುವವರ ಕಣ್ಣನ್ನು ನಾನು ಮೊದಲು ನೋಡುತ್ತೇನೆ, ಕಿವಿಯನ್ನು ಆಮೇಲೆ. ನಾನು ಆಡಿಯಾಲಜಿಸ್ಟ್. ಕಿವಿ ಎಷ್ಟು ಕೇಳಿಸುತ್ತದೆ ಎಂದು ಪರೀಕ್ಷೆ ಮಾಡುವುದು, ಹಿಯರಿಂಗ್ ಏಡ್ ಹೊಂದಿಸುವುದು ನಮ್ಮ ಕೆಲಸ ಎಂದು ಎಲ್ಲರಿಗೂ ಗೊತ್ತು. ತಲೆಸುತ್ತಿಗೂ ಇಲ್ಲಿಗೇ ಯಾಕೆ ಕಳಿಸಿದರು ಎಂದು ಕೇಳುವವರೇ ಜಾಸ್ತಿ. ಕೇಳಿಸುವ ಭಾಗ, ಸಮತೋಲನದ ಭಾಗ ಎರಡೂ ಒಳಕಿವಿಯಲ್ಲಿ ಒಂದಕ್ಕೊಂದು ಅಂಟಿಕೊಂಡೇ ಇವೆ. ಎರಡರೊಳಗೂ ಹರಡಿರುವುದು ಒಂದೇ ದ್ರವ. ಎರಡರ ಸುದ್ದಿಯನ್ನೂ ಮಿದುಳಿಗೆ ಒಯ್ಯುವುದು ಒಂದೇ ನರ, ಎಂಟನೆಯ ಕಪಾಲ ನರ.

ಸರಿ, ಕಣ್ಣು ಯಾಕೆ? ಇದನ್ನು ನಾನು ಬಾಯಲ್ಲಿ ಹೇಳುವುದಕ್ಕಿಂತ ಮಾಡಿಸಿ ತೋರಿಸುತ್ತೇನೆ. ಪಾಪ, ತಲೆಸುತ್ತಿರುವವರ ಕೈಯಲ್ಲಿ ಅಲ್ಲ, ಜೊತೆಗೆ ಬಂದವರ ಕೈಯಲ್ಲಿ. ಒಂದು ಹಾಳೆ ಕೊಟ್ಟು, ತಲೆ ಅಲ್ಲಾಡಿಸದೆ ಹಾಳೆಯನ್ನು ಜೋರಾಗಿ ಆಚೆ ಈಚೆ ಆಡಿಸುತ್ತಾ ಓದಿ ಎನ್ನುತ್ತೇನೆ. ಅಕ್ಷರಗಳೆಲ್ಲ ಕಲಸಿಹೋಗುತ್ತವೆ. ಈಗ ಹಾಳೆ ಸುಮ್ನೆ ಇರಲಿ, ತಲೆಯನ್ನು ಅಷ್ಟೇ ಜೋರಾಗಿ ಆಡಿಸಿ. ಆರಾಮಾಗಿ ಓದಬಹುದು! ನೀವೂ ಮಾಡಿ ನೋಡಿ. ತಲೆ ಬಲಕ್ಕೆ ತಿರುಗಿದ ಕೂಡಲೇ ಒಳಕಿವಿ ಸುದ್ದಿ ಕೊಡುತ್ತದೆ, ಕಣ್ಣು ಅಷ್ಟೇ ವೇಗದಲ್ಲಿ ಎಡಕ್ಕೆ ತಿರುಗುತ್ತದೆ. ಇಷ್ಟಕ್ಕೆ ಹಿಡಿಯುವ ಹೊತ್ತು ಸುಮಾರು 10 ಮಿಲಿಸೆಕೆಂಡ್. ಓಡಾಡುವ ಹಾಳೆಯನ್ನು ಕಣ್ಣು ತಾನೇ ನೋಡಿ ಹಿಂಬಾಲಿಸಲು ಇದರ ಹತ್ತು ಪಟ್ಟು ಹೊತ್ತು ಬೇಕು. ಹಾಗಾಗಿ ಒಳಕಿವಿ ತಪ್ಪು ಸುದ್ದಿ ಕೊಟ್ಟರೆ ಅದು ಕಣ್ಣಿನಲ್ಲಿ ಕಾಣಲೇಬೇಕು, ಅಲ್ವಾ?

ತಪ್ಪು ಸುದ್ದಿ ಹೇಗೆ ಹುಟ್ಟುತ್ತದೆ ಎನ್ನುವುದಕ್ಕೆ ಒಳಕಿವಿಯನ್ನು ಸ್ವಲ್ಪ ನೋಡಬೇಕು. ಪ್ರತಿ ಕಿವಿಯಲ್ಲೂ ಮೂರು ಅರೆವೃತ್ತ ನಾಳಗಳಿವೆ. ಒಂದಕ್ಕೊಂದು ಹೆಚ್ಚುಕಡಿಮೆ ಲಂಬವಾಗಿ ನಿಂತಿವೆ, ಆದ್ದರಿಂದ ತಲೆ ಯಾವ ಕಡೆ ತಿರುಗಿದರೂ ಒಂದಲ್ಲ ಒಂದಕ್ಕೆ ಗೊತ್ತಾಗುತ್ತದೆ. ನೀರು ತುಂಬಿದ ಲೋಟವನ್ನು ಥಟ್ಟನೆ ತಿರುಗಿಸಿದರೆ ಲೋಟ ತಿರುಗುತ್ತದೆ, ನೀರು ಹಿಂದೆ ಉಳಿಯುತ್ತದೆ. ನಾಳದೊಳಗಿನ ದ್ರವವೂ ಹಾಗೇ ಹಿಂದೆ ಉಳಿದು ಅಲ್ಲಿರುವ ಮೆತ್ತನೆಯ ಪರದೆಯನ್ನು ಬಾಗಿಸುತ್ತದೆ. ಪರದೆಯೊಳಗೆ ಚಾಚಿದ ರೋಮಕೋಶಗಳ ಕೂದಲು ಬಾಗುತ್ತದೆ, ನರಕ್ಕೆ ಸಂಕೇತ ಹೋಗುತ್ತದೆ. ನಾಳಗಳ ಬುಡದಲ್ಲಿ ಯುಟ್ರಿಕಲ್, ಸ್ಯಾಕ್ಯೂಲ್ ಎಂಬ ಎರಡು ಪುಟ್ಟ ಚೀಲಗಳಿವೆ. ಲಿಫ್ಟ್ ಮೇಲೇರಿದ್ದು, ಬಸ್ ಮುಂದಕ್ಕೆ ಹೊರಟಿದ್ದು, ತಲೆ ವಾಲಿದ್ದು ತಿಳಿಯುವುದು ಇವುಗಳಿಂದ. ಇಲ್ಲಿನ ರೋಮಕೋಶಗಳ ಮೇಲಿರುವ ಅಂಟುಪದರದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್‌ನ ಸೂಕ್ಷ್ಮ ಹರಳುಗಳು ಹುದುಗಿರುತ್ತವೆ.

ನಾನು ನೋಡುವ ತಲೆಸುತ್ತಿನಲ್ಲಿ ಹೆಚ್ಚಿನದು ಈ ಹರಳುಗಳದ್ದೇ. ಯುಟ್ರಿಕಲ್‌ನಿಂದ ಕಳಚಿ ನಾಳದೊಳಗೆ ಸೇರಿಕೊಳ್ಳುತ್ತವೆ. ಮಲಗಿದಾಗ, ಮಗ್ಗುಲು ಬದಲಿಸಿದಾಗ ಹರಳು ಜಾರುತ್ತದೆ, ಜೊತೆಗೆ ದ್ರವವನ್ನೂ ಎಳೆಯುತ್ತದೆ. ತಲೆ ನಿಂತಿದ್ದರೂ ತಿರುಗುತ್ತಲೇ ಇದೆ ಎಂದು ಮಿದುಳು ನಂಬುತ್ತದೆ. ಬಿಪಿಪಿವಿ (ಬಿನೈನ್ ಪ್ಯಾರಾಕ್ಸಿಸ್ಮಲ್ ಪೊಸಿಷನಲ್ ವರ್ಟಿಗೊ) ಅನ್ನುವುದು ಇದಕ್ಕೇ.

ಪರೀಕ್ಷೆಗೆ ಮೊದಲು ಎರಡು ಮಾತು ಕೇಳುತ್ತೇನೆ. ಎಷ್ಟು ಹೊತ್ತು ಇರುತ್ತದೆ? ಏನು ಮಾಡಿದಾಗ ಬರುತ್ತದೆ? "ದಿನವಿಡೀ ಇರುತ್ತೆ" ಎನ್ನುತ್ತಾರೆ. ಬಿಡಿಸಿ ಕೇಳಿದರೆ ಸುತ್ತಿದ್ದು ಅರ್ಧ ನಿಮಿಷ, ಉಳಿದದ್ದು ಭಯ, ಹೊಟ್ಟೆ ತೊಳಸುವುದು. ಸೆಕೆಂಡುಗಳ ಲೆಕ್ಕವಾದರೆ ಹರಳು. ಗಂಟೆಗಟ್ಟಲೆ ಸುತ್ತಿ, ಕಿವಿ ಗುಂಯ್‌ಗುಟ್ಟಿ, ಕೇಳಿಸುವುದೂ ಕಡಿಮೆಯಾದರೆ ಮೆನಿಯೇರ್ ಎಂಬ ಒಳಕಿವಿಯ ಕಾಯಿಲೆಯ ಅನುಮಾನ. ಬಿಡದೆ ದಿನಗಟ್ಟಲೆ ಸುತ್ತಿದರೆ ಸಮತೋಲನದ ನರದ ಉರಿಯೂತ ಇರಬಹುದು. ಮಾತು ತೊದಲುವುದು, ಒಂದು ಎರಡಾಗಿ ಕಾಣುವುದು, ಹೊಸದಾಗಿ ಜೋರು ತಲೆನೋವು, ನಿಲ್ಲಲೂ ಆಗದಿರುವುದು ಇದ್ದರೆ ನಾನು ಪರೀಕ್ಷೆಯ ಮಂಚ ಹತ್ತಿಸುವುದೇ ಇಲ್ಲ. ಪಾರ್ಶ್ವವಾಯು ಇರಬಹುದು, ತಕ್ಷಣ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.

ಕುತ್ತಿಗೆ ತೊಂದರೆ ಇಲ್ಲ ಎಂದು ಖಾತ್ರಿಯಾದ ಮೇಲೆ ಹರಳನ್ನು ಹುಡುಕುವ ಡಿಕ್ಸ್–ಹಾಲ್‌ಪೈಕ್ ಪರೀಕ್ಷೆ. 1952ರಲ್ಲಿ ಡಿಕ್ಸ್, ಹಾಲ್‌ಪೈಕ್ ಎಂಬ ಇಬ್ಬರು ವೈದ್ಯರು ವಿವರಿಸಿದ್ದು, ಇವತ್ತಿಗೂ ಇದಕ್ಕಿಂತ ಒಳ್ಳೆಯದು ಬಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಕಾಲು ಚಾಚಿ ಮಂಚದ ಮೇಲೆ ಕೂರಿಸಿ ಫ್ರೆಂಜಲ್ ಕನ್ನಡಕ ಹಾಕುತ್ತೇನೆ. ಅದರ ದಪ್ಪ ಗಾಜಿನಿಂದ ಅವರಿಗೆ ಯಾವುದರ ಮೇಲೂ ನೋಟ ನೆಡಲು ಆಗುವುದಿಲ್ಲ, ನನಗೆ ಅವರ ಕಣ್ಣು ದೊಡ್ಡದಾಗಿ ಕಾಣುತ್ತದೆ. ತಲೆಯನ್ನು 45 ಡಿಗ್ರಿ ಬಲಕ್ಕೆ ತಿರುಗಿಸಿ, ಎರಡೂ ಕೈಯಲ್ಲಿ ಹಿಡಿದು, ಚುರುಕಾಗಿ ಹಿಂದಕ್ಕೆ ಮಲಗಿಸುತ್ತೇನೆ. ತಲೆ ಮಂಚದ ಅಂಚಿನಿಂದ ಸ್ವಲ್ಪ ಕೆಳಗೆ ಇಳಿದಿರಬೇಕು. "ಏನೇ ಆದರೂ ಕಣ್ಣು ಮುಚ್ಚಬೇಡಿ, ಬೀಳಲ್ಲ, ನಾನು ಹಿಡಿದಿದ್ದೀನಿ" ಎಂದು ಮೊದಲೇ ಹೇಳಿರುತ್ತೇನೆ.

ಮೊದಲ ಕೆಲವು ಸೆಕೆಂಡು ಏನೂ ಆಗುವುದಿಲ್ಲ. ಇಲ್ಲಿ ಅವಸರ ಮಾಡಿ ಎಬ್ಬಿಸಿದರೆ ಎಲ್ಲ ಹೋಯಿತು. ಹರಳು ಜಾರಲು ಶುರುವಾಗಬೇಕು, ಕಾಯಬೇಕು. ಆಮೇಲೆ ಅವರ ಕೈ ನನ್ನ ತೋಳನ್ನು ಗಟ್ಟಿಯಾಗಿ ಹಿಡಿಯುತ್ತದೆ, ಅದೇ ಹೊತ್ತಿಗೆ ಕಣ್ಣು ಕುಣಿಯಲು ಶುರು. ಹಣೆಯ ಕಡೆಗೆ ಜಿಗಿಯುತ್ತಾ, ಜೊತೆಗೆ ಗುಡ್ಡೆಯ ಮೇಲ್ಭಾಗ ಕೆಳಗಿರುವ ಕಿವಿಯ ಕಡೆ ತಿರುಚಿಕೊಳ್ಳುತ್ತದೆ. ಈ ತಿರುಚು ಹೊಸಬರಿಗೆ ಬೇಗ ಕಣ್ಣಿಗೆ ಬೀಳುವುದಿಲ್ಲ. ನಾನು ಕಣ್ಣಿನ ಬಿಳಿಭಾಗದ ಒಂದು ಕೆಂಪು ರಕ್ತನಾಳವನ್ನು ಗುರುತು ಇಟ್ಟುಕೊಂಡು ಅದು ಎತ್ತ ತಿರುಗುತ್ತದೆ ಎಂದು ನೋಡುತ್ತೇನೆ. ಏರುತ್ತದೆ, ಇಳಿಯುತ್ತದೆ, ಒಂದು ನಿಮಿಷದೊಳಗೆ ನಿಲ್ಲುತ್ತದೆ. ಅಂದರೆ ಹರಳಿರುವುದು ಬಲಗಿವಿಯ ಹಿಂಬದಿಯ ನಾಳದಲ್ಲಿ. ಯಾವ ಸ್ಕ್ಯಾನ್‌ನಲ್ಲೂ ಕಾಣದ ಹರಳಿನ ಜಾಗ ಕಣ್ಣಿನಲ್ಲಿ ಸಿಕ್ಕಿತು. ಹೀಗಲ್ಲದೆ ಕಣ್ಣು ಬರೀ ಕೆಳಕ್ಕೆ ಜಿಗಿದು ನಿಲ್ಲದೇ ಹೋದರೆ ನಾನು ಇಲ್ಲಿಗೇ ನಿಲ್ಲಿಸಿ ನರರೋಗ ತಜ್ಞರ ಹತ್ತಿರ ಕಳಿಸುತ್ತೇನೆ.

ಜಾಗ ಗೊತ್ತಾದರೆ ಚಿಕಿತ್ಸೆ ಅಲ್ಲಿಂದಲೇ ಮುಂದುವರಿಯುತ್ತದೆ. ಅಮೆರಿಕದ ಕಿವಿ ವೈದ್ಯ ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದ ವಿಧಾನ. ಕಣ್ಣು ನಿಂತ ಮೇಲೆ ತಲೆಯನ್ನು ನಿಧಾನವಾಗಿ 90 ಡಿಗ್ರಿ ಎಡಕ್ಕೆ ತಿರುಗಿಸುತ್ತೇನೆ. ಮತ್ತೆ ಕಾಯುವುದು. ಆಮೇಲೆ ಮೈಯನ್ನೂ ಎಡಮಗ್ಗುಲಿಗೆ ಹೊರಳಿಸಿ, ಮೂಗು ನೆಲದ ಕಡೆ ಬರುವಷ್ಟು ತಲೆ ತಿರುಗಿಸುತ್ತೇನೆ. ಇಲ್ಲಿಯೂ ಕಣ್ಣು ಮೊದಲಿನ ದಿಕ್ಕಿಗೇ ಕುಣಿದರೆ ನನಗೆ ಖುಷಿ, ಹರಳು ಸರಿಯಾದ ಕಡೆಗೆ ಹೋಗುತ್ತಿದೆ. ಕೊನೆಗೆ ಗದ್ದ ಎದೆಯ ಕಡೆ ಬಗ್ಗಿಸಿ ಎಬ್ಬಿಸಿ ಕೂರಿಸುವುದು. ಎದ್ದ ಕ್ಷಣ ಕೆಲವರು ಹಿಂದಕ್ಕೆ ವಾಲುತ್ತಾರೆ, ಅದಕ್ಕೇ ಕೈ ಬಿಡಬಾರದು. ಹರಳು ಯುಟ್ರಿಕಲ್‌ಗೆ ವಾಪಸ್ ಬಿದ್ದರೆ ಕೆಲಸ ಮುಗಿಯಿತು.

ಆಮೇಲೆ ಕಿವಿ ಎಷ್ಟು ಕೇಳಿಸುತ್ತದೆ ಎಂದು ಅಳೆಯುವ ಆಡಿಯೋಗ್ರಾಂ ಮಾಡುತ್ತೇನೆ. ಬರೀ ಹರಳಿನ ತೊಂದರೆಯಾದರೆ ಕೇಳುವ ಶಕ್ತಿ ಮೊದಲಿದ್ದಷ್ಟೇ ಇರುತ್ತದೆ. ಒಂದೇ ಕಿವಿಯಲ್ಲಿ ಕಡಿಮೆ ಕಂಡರೆ ಇಎನ್‌ಟಿ ಡಾಕ್ಟರ ಹತ್ತಿರ ಕಳಿಸುತ್ತೇನೆ, ತಲೆಸುತ್ತು ನಿಂತಿದ್ದರೂ.

ಈ ಚಿಕಿತ್ಸೆ ಆದ ಮೇಲೆ ಎರಡು ರಾತ್ರಿ ಕೂತೇ ಮಲಗಬೇಕು, ಕುತ್ತಿಗೆಗೆ ಪಟ್ಟಿ ಹಾಕಬೇಕು ಎಂದು ಹಿಂದೆ ಹೇಳುತ್ತಿದ್ದರು. ಅದರ ಅಗತ್ಯವಿಲ್ಲ, ನಾನು ಹೇಳುವುದೂ ಇಲ್ಲ. ಕೆಲವು ದಿನ ನಡೆಯುವಾಗ ತೇಲಿದ ಹಾಗೆ ಅನಿಸಬಹುದು, ಆದರೂ ಓಡಾಡಿ ಎನ್ನುತ್ತೇನೆ. ಹರಳು ಮತ್ತೆ ಕಳಚುವುದುಂಟು. ಹಾಗಾದರೆ ತಲೆಸುತ್ತಿನ ಮಾತ್ರೆ ನುಂಗಿಕೊಂಡು ಬರಬೇಡಿ, ಅದು ಕಣ್ಣಿನ ಕುಣಿತವನ್ನು ಅಡಗಿಸಿಬಿಡುತ್ತದೆ. ಯಾವ ಮಗ್ಗುಲಿಗೆ ಹೊರಳಿದಾಗ ಸುತ್ತಿತು ಎಂದು ಗಮನಿಸಿಕೊಂಡು ಬನ್ನಿ. ಹಿಂದಿನ ಸಲದ ಕಿವಿಯೇ ಆಗಿರಬೇಕು ಎಂದೇನಿಲ್ಲ.