ಸೇಲ್ಸ್ ಟೀಮಿಗೆ ಮ್ಯಾಪ್ ಸಾಫ್ಟ್‌ವೇರ್ ಆರಿಸಿದ್ದು: ನನ್ನ ಅನುಭವ

ಮೊದಲ ಸಲ ನಾನು ಮ್ಯಾಪ್ ಸಾಫ್ಟ್‌ವೇರ್ ಆರಿಸಿದ್ದು ಡೆಮೊ ನೋಡಿ. ಲೈಟ್ ಆರಿಸಿದ ಮೀಟಿಂಗ್ ರೂಮು, ಗೋಡೆ ತುಂಬ ಕಪ್ಪು ನಕ್ಷೆ, ಅದರ ಮೇಲೆ ಕೆಂಡದ ಹಾಗೆ ಹೊಳೆಯುವ ಹೀಟ್‌ಮ್ಯಾಪ್. ಮಾರಾಟ ಜಾಸ್ತಿ ಇರುವ ಕಡೆ ಕೆಂಪು, ಕಡಿಮೆ ಇರುವ ಕಡೆ ನೀಲಿ. ಎಲ್ಲರೂ ತಲೆದೂಗಿದೆವು. ಒಂದು ವರ್ಷದ ಲೈಸೆನ್ಸ್ ಕೂಡ ತೆಗೆದುಕೊಂಡೆವು.

ಮೂರನೇ ವಾರ ನಮ್ಮ ಹಿರಿಯ ಸೇಲ್ಸ್‌ಮನ್ ಒಬ್ಬರು ನನ್ನ ಮೇಜಿನ ಹತ್ತಿರ ಬಂದರು. ಸ್ವಲ್ಪ ಹೊತ್ತು ಪರದೆಯನ್ನೇ ನೋಡಿ ಕೇಳಿದರು: "ಚೆನ್ನಾಗಿದೆ ಸರ್. ನಾಳೆ ಬೆಳಿಗ್ಗೆ ನಾನು ಮೊದಲು ಯಾರ ಹತ್ರ ಹೋಗ್ಬೇಕು ಅನ್ನೋದು ಇದರಲ್ಲಿ ಎಲ್ಲಿದೆ?"

ಎಲ್ಲೂ ಇರಲಿಲ್ಲ. ಆ ಕೆಂಪು ಬಣ್ಣ ಹೇಳುತ್ತಿದ್ದದ್ದು ಇಷ್ಟೇ: ಜನ ಜಾಸ್ತಿ ಇರುವ ಕಡೆ ಗಿರಾಕಿಗಳೂ ಜಾಸ್ತಿ ಇದ್ದಾರೆ. ಅದನ್ನು ತಿಳಿಯೋಕೆ ಸಾಫ್ಟ್‌ವೇರ್ ಬೇಕಾ? ವರ್ಷ ಮುಗಿಯುವ ಹೊತ್ತಿಗೆ ಅದನ್ನು ತೆರೆಯುತ್ತಿದ್ದವನು ನಾನೊಬ್ಬನೇ. ಅದೂ ತಿಂಗಳ ವರದಿಗೆ ಒಂದು ಚಿತ್ರ ಬೇಕು ಅಂತ.

ಎರಡನೇ ಸಲ ಯಾವ ಕಂಪನಿಗೂ ಫೋನ್ ಮಾಡಲಿಲ್ಲ. ನಮ್ಮಲ್ಲಿ ಹೊರಗೆ ತಿರುಗುವವರು 14 ಜನ, ಗಿರಾಕಿಗಳು ಸುಮಾರು 3,200. ಆ 14 ಜನರಲ್ಲಿ ನಾಲ್ವರನ್ನು ಕೂರಿಸಿಕೊಂಡು, ನಕ್ಷೆ ನಿಮಗೆ ಏನು ಹೇಳಬೇಕು ಅಂತ ಕೇಳಿ ಬರೆದುಕೊಂಡೆ. ಬಂದ ಪ್ರಶ್ನೆಗಳು ಹೀಗಿದ್ದವು. ಅಪಾಯಿಂಟ್‌ಮೆಂಟ್ ಕೊಟ್ಟವರು ಕೊನೇ ಗಳಿಗೆಯಲ್ಲಿ ಕೈಕೊಟ್ಟರೆ, ಅಲ್ಲಿಂದ 15 ನಿಮಿಷದ ದಾರಿಯಲ್ಲಿ ಇನ್ಯಾರಿದ್ದಾರೆ? ಮೂರು ತಿಂಗಳಿಂದ ಯಾರೂ ಮುಖ ತೋರಿಸದ ಗಿರಾಕಿ ಯಾರು? ಹೊಸಬರೊಬ್ಬರು ಸೇರಿದರೆ ಯಾರ ಏರಿಯಾದಿಂದ ಎಷ್ಟು ಕತ್ತರಿಸಬೇಕು? ನೆಟ್‌ವರ್ಕ್ ಇಲ್ಲದ ಕಡೆ ಇದು ತೆರೆದುಕೊಳ್ಳುತ್ತಾ? ಹೀಟ್‌ಮ್ಯಾಪ್ ಬೇಕು ಅಂತ ಒಬ್ಬರೂ ಕೇಳಲಿಲ್ಲ.

ಈ ಪ್ರಶ್ನೆಗಳನ್ನು ಹಿಡಿದು ಹುಡುಕಲು ಹೊರಟ ಮೇಲೆ ಒಂದು ವಿಷಯ ಸ್ಪಷ್ಟವಾಯಿತು. ಮ್ಯಾಪ್ ಸಾಫ್ಟ್‌ವೇರ್ ಅನ್ನುವ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಜಾತಿಯ ಪ್ರಾಣಿಗಳಿವೆ. ಪವರ್ ಬಿಐ, ಟ್ಯಾಬ್ಲೋ ತರಹದವು ವರದಿ ಮಾಡುವ ಸಾಧನಗಳು. ಅವುಗಳಲ್ಲಿ ನಕ್ಷೆ ಅಂದರೆ ಇನ್ನೊಂದು ಬಗೆಯ ಚಾರ್ಟು. ಆರ್ಕ್‌ಜಿಐಎಸ್, ಕ್ಯುಜಿಐಎಸ್ ನಿಜವಾದ ಭೂಪಟದ ಸಾಧನಗಳು. ಗಡಿ ಎಳೆಯುವುದು, ಅಳೆಯುವುದು, ಒಂದರ ಮೇಲೊಂದು ಪದರ ಹಾಕಿ ಲೆಕ್ಕ ಮಾಡುವುದು ಎಲ್ಲವೂ ಇವುಗಳಲ್ಲಿ ಆಗುತ್ತದೆ. ಆದರೆ ಕಲಿಯಲು ವಾರಗಳು ಬೇಕು. ಮೂರನೆಯವು ಫೋನಿನಲ್ಲಿ ಓಡುವ ಫೀಲ್ಡ್ ಸೇಲ್ಸ್ ಆ್ಯಪ್‌ಗಳು. ಭೇಟಿ, ದಾರಿ, ಟಿಪ್ಪಣಿ ಅವುಗಳ ಕೆಲಸ. ನಾನು ಮೊದಲ ಸಲ ಮೊದಲನೇ ಜಾತಿಯದನ್ನು ತಂದು ಮೂರನೆಯದರ ಕೆಲಸ ಮಾಡು ಅಂದಿದ್ದೆ.

ಇನ್ನು ವಿಳಾಸಗಳ ಪಾಡು. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ. ನನ್ನ ಸಮಯ ಜಾಸ್ತಿ ಹೋದದ್ದು ಇಲ್ಲೇ.

ವಿಳಾಸವನ್ನು ಅಕ್ಷಾಂಶ ರೇಖಾಂಶವಾಗಿ ಬದಲಿಸುವುದಕ್ಕೆ ಜಿಯೊಕೋಡಿಂಗ್ ಅನ್ನುತ್ತಾರೆ. ಡೆಮೊಗಳಲ್ಲಿ ಇದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುತ್ತದೆ, ಏಕೆಂದರೆ ಅವರ ವಿಳಾಸಗಳು ತೊಳೆದಿಟ್ಟ ಪಾತ್ರೆಯ ಹಾಗಿರುತ್ತವೆ. ನಮ್ಮದು ಹತ್ತು ವರ್ಷದಿಂದ ಹತ್ತು ಜನ ಟೈಪ್ ಮಾಡಿದ ಪಟ್ಟಿ. ಅದನ್ನು ಮೊದಲ ಸಲ ನಕ್ಷೆ ಮೇಲೆ ಸುರಿದಾಗ ಎಲ್ಲಾ ಸರಿ ಇದೆ ಅಂತಲೇ ಅನಿಸಿತು. ತಪ್ಪು ವಿಳಾಸ ಒಂದೂ ಇಲ್ಲ ಅಂತ ಸಾಫ್ಟ್‌ವೇರ್ ಹೇಳಿತು. ಒಂದು ಪಿನ್ ಮೇಲೆ ಸುಮ್ನೆ ಕ್ಲಿಕ್ ಮಾಡಿದೆ. ಅದರ ಕೆಳಗೆ ಇನ್ನೊಂದು ಪಿನ್. ಅದರ ಕೆಳಗೆ ಮತ್ತೊಂದು. ಎಣಿಸಿದರೆ ಒಂದೇ ಚುಕ್ಕಿಯ ಮೇಲೆ 41 ಗಿರಾಕಿಗಳು ಒಬ್ಬರ ಹೆಗಲ ಮೇಲೆ ಒಬ್ಬರು ನಿಂತಿದ್ದರು. ಬೀದಿ ಹೆಸರು ಅರ್ಥವಾಗದಿದ್ದಾಗ ಸಾಫ್ಟ್‌ವೇರ್ ತಪ್ಪು ಅಂತ ಹೇಳದೆ, ಅವರನ್ನೆಲ್ಲ ಪಟ್ಟಣದ ನಟ್ಟನಡುವೆ ಒಂದೇ ಜಾಗದಲ್ಲಿ ನಿಲ್ಲಿಸಿತ್ತು. ಇನ್ನೂ ಒಬ್ಬರು ಆಫ್ರಿಕಾದ ಪಶ್ಚಿಮಕ್ಕೆ ಸಮುದ್ರದಲ್ಲಿದ್ದರು. ಅಕ್ಷಾಂಶ 0, ರೇಖಾಂಶ 0. ಖಾಲಿ ಬಿಟ್ಟ ಕಾಲಂ ಸೊನ್ನೆಯಾದರೆ ಗಿರಾಕಿ ಹೋಗಿ ಬೀಳುವುದು ಗಿನಿ ಕೊಲ್ಲಿಗೇ. ಈ ಜಾಗಕ್ಕೆ ನಕ್ಷೆಯವರು ತಮಾಷೆಗೆ 'ನಲ್ ಐಲ್ಯಾಂಡ್' ಅಂತ ಹೆಸರಿಟ್ಟಿದ್ದಾರೆ. ಅಲ್ಲಿ ದ್ವೀಪ ಯಾವುದೂ ಇಲ್ಲ.

ಆಮೇಲೆ ನಾನು ನೋಡಿದ ಪ್ರತಿ ಸಾಫ್ಟ್‌ವೇರಿಗೂ ಒಂದೇ ಪ್ರಶ್ನೆ ಮೊದಲು ಕೇಳಿದೆ: ಸಿಕ್ಕ ಜಾಗ ಎಷ್ಟು ಖಚಿತ ಅಂತ ನೀನು ಹೇಳ್ತೀಯಾ? ಒಳ್ಳೆಯ ಜಿಯೊಕೋಡರ್‌ಗಳು ಹೇಳುತ್ತವೆ. ಗೂಗಲ್‌ನದು ಪ್ರತಿ ಉತ್ತರದ ಜೊತೆ ಇದು ಕಟ್ಟಡದ ಮೇಲೇ ಸಿಕ್ಕಿದ್ದಾ, ಎರಡು ಮನೆ ನಂಬರಿನ ನಡುವೆ ಅಂದಾಜು ಮಾಡಿದ್ದಾ, ಬೀದಿ ಅಥವಾ ಬಡಾವಣೆಯ ಮಧ್ಯಬಿಂದುವಾ, ಬರೀ ಸುಮಾರಾ ಅಂತ ನಾಲ್ಕು ದರ್ಜೆಯಲ್ಲಿ ತಿಳಿಸುತ್ತದೆ. ಆ ದರ್ಜೆಯನ್ನು ಕಾಲಂ ಆಗಿ ನನ್ನ ಕೈಗೆ ಕೊಡದ ಸಾಫ್ಟ್‌ವೇರ್‌ಗಳನ್ನು ಅಲ್ಲೇ ಬಿಟ್ಟೆ. ಪಟ್ಟಿಯಲ್ಲಿದ್ದ ಏಳರಲ್ಲಿ ಮೂರು ಹೀಗೆ ಹೋದವು.

ಪರೀಕ್ಷೆಗೆ ನಾನು ಬಳಸಿದ್ದು 200 ವಿಳಾಸ. ಒಳ್ಳೆಯವನ್ನು ಆರಿಸಲಿಲ್ಲ. ಬೇಕಂತಲೇ ಕೆಟ್ಟವನ್ನು ಆರಿಸಿದೆ: ಅಂಚೆ ಕೋಡ್ ಇಲ್ಲದವು, ಎರಡು ಕಡೆ ಇರುವ ಒಂದೇ ಹೆಸರಿನ ಊರು, ಹಳೇ ಬೀದಿ ಹೆಸರು, 'ಬಸ್ ನಿಲ್ದಾಣದ ಹಿಂದೆ' ಅಂತಷ್ಟೇ ಬರೆದವು. ಈ 200ರಲ್ಲಿ ಪ್ರತಿಯೊಂದರ ನಿಜವಾದ ಜಾಗ ನಮ್ಮವರಿಗೆ ಗೊತ್ತಿತ್ತು. ಹಾಗಾಗಿ ಯಾರು ಎಷ್ಟು ತಪ್ಪಿದರು ಅಂತ ಅಳೆಯಲು ಆಯಿತು.

ಎಲ್ಲಾ ತಪ್ಪು ಸಾಫ್ಟ್‌ವೇರಿನದೇ ಅಲ್ಲ, ನನ್ನದೂ ಇತ್ತು. ಒಮ್ಮೆ ಗಿರಾಕಿಗಳೆಲ್ಲ ಚುಕ್ಕಿ ರಂಗೋಲಿಗೆ ಇಟ್ಟ ಹಾಗೆ ಅಡ್ಡ ಉದ್ದ ಸಾಲಾಗಿ ಬಂದರು. ಅರ್ಧ ದಿನ ತಲೆ ಕೆರೆದುಕೊಂಡೆ. ಆಮೇಲೆ ನೋಡಿದರೆ ಎಕ್ಸೆಲ್‌ನಲ್ಲಿ ಆ ಕಾಲಂ ಚೆನ್ನಾಗಿ ಕಾಣಲಿ ಅಂತ ದಶಾಂಶ ಎರಡಕ್ಕೆ ಇಳಿಸಿದ್ದೆ. ಸಿಎಸ್‌ವಿ (ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಸಾದಾ ಫೈಲು) ಮಾಡುವಾಗ ಪರದೆಯಲ್ಲಿ ಕಂಡ ಅಂಕಿಯೇ ಫೈಲಿಗೆ ಹೋಗುತ್ತದೆ. ಒಂದು ಡಿಗ್ರಿ ಅಕ್ಷಾಂಶ ಅಂದರೆ ಸುಮಾರು 111 ಕಿಲೋಮೀಟರ್. ದಶಾಂಶದ ನಂತರ ಎರಡೇ ಅಂಕಿ ಉಳಿದರೆ ಚುಕ್ಕಿಗಳು ಒಂದು ಕಿಲೋಮೀಟರಿಗೊಂದರಂತೆ ಕೂರುತ್ತವೆ. ಐದು ಅಂಕಿ ಇಟ್ಟರೆ ಒಂದು ಮೀಟರಿನ ಆಸುಪಾಸು. ಅಷ್ಟು ಸಾಕು. ಇನ್ನೊಂದು ಗೊಂದಲ: ಗೂಗಲ್ ಮ್ಯಾಪ್ಸ್‌ನಿಂದ ನಕಲಿಸಿದರೆ ಅಕ್ಷಾಂಶ ಮೊದಲು ಬರುತ್ತದೆ, ಜಿಯೊಜೇಸನ್ ಮತ್ತು ಕೆಎಂಎಲ್ ಅನ್ನುವ ನಕ್ಷೆ ಫೈಲುಗಳಲ್ಲಿ ರೇಖಾಂಶ ಮೊದಲು. ಒಂದು ಸಲ ಅದಲು ಬದಲಾಗಿ ಇಡೀ ವ್ಯಾಪಾರವೇ ಬೇರೆ ಖಂಡಕ್ಕೆ ಹೋಗಿತ್ತು.

ಹತ್ತಿರ ಅನ್ನುವ ಪದಕ್ಕೂ ಎರಡು ಅರ್ಥ ಇದೆ. ಒಂದು ಸಾಫ್ಟ್‌ವೇರ್ ಗಿರಾಕಿಯ ಸುತ್ತ 5 ಕಿಲೋಮೀಟರ್ ವೃತ್ತ ಎಳೆದು, ಒಳಗಿರುವ 11 ಜನರನ್ನು ತೋರಿಸಿತು. ಅವರಲ್ಲಿ ಆರು ಜನ ಹೊಳೆಯ ಆಚೆ ದಡದವರು. ಸೇತುವೆ ಬಳಸಿ ಹೋಗಲು 40 ನಿಮಿಷ. ವೃತ್ತದ ಬದಲು ರಸ್ತೆಯ ಮೇಲೆ ಇಷ್ಟು ನಿಮಿಷದಲ್ಲಿ ಎಲ್ಲಿವರೆಗೆ ಹೋಗಬಹುದು ಅಂತ ತೋರಿಸುವ ಸಾಧನ ಬೇಕು. ಅದು ಎಳೆಯುವ ಆಕಾರ ವೃತ್ತವಾಗಿರಲ್ಲ, ಹೆದ್ದಾರಿಗುಂಟ ಉದ್ದುದ್ದ ಚಾಚಿಕೊಂಡು ಚೆಲ್ಲಿದ ನೀರಿನ ಹಾಗೆ ಕಾಣುತ್ತದೆ. ನಾನೂ ಕ್ಯುಜಿಐಎಸ್‌ನಲ್ಲಿ ಮೊದಲ ವೃತ್ತ ಎಳೆದಾಗ 5 ಅಂತ ಟೈಪ್ ಮಾಡಿದೆ. ನಕ್ಷೆಯ ಆ ಪದರ ಕಿಲೋಮೀಟರಿನಲ್ಲಲ್ಲ, ಡಿಗ್ರಿ ಲೆಕ್ಕದಲ್ಲಿತ್ತು. 5 ಡಿಗ್ರಿಯ ವೃತ್ತ 3,200 ಗಿರಾಕಿಗಳನ್ನೂ ನುಂಗಿ ಇನ್ನೂ ಜಾಗ ಉಳಿಸಿಕೊಂಡಿತ್ತು.

ಏರಿಯಾ ಹಂಚುವ ವಿಷಯಕ್ಕೆ ಬರೋಣ. ನಿಜವಾದ ಜಗಳ ಇರುವುದು ಇಲ್ಲಿ. ನಮ್ಮಲ್ಲಿ ಒಬ್ಬರಿಗೆ 260 ಗಿರಾಕಿಗಳು, ಇನ್ನೊಬ್ಬರಿಗೆ 180. ಮೊದಲನೆಯವರಿಗೆ ಹೊರೆ ಜಾಸ್ತಿ ಅಂತ ವರ್ಷಗಟ್ಟಲೆ ಎಲ್ಲರೂ ನಂಬಿದ್ದೆವು. ಎಣಿಕೆ ಬಿಟ್ಟು ಗಂಟೆಯಲ್ಲಿ ಲೆಕ್ಕ ಹಾಕಿದೆ. ದೊಡ್ಡ ಗಿರಾಕಿಗೆ ತಿಂಗಳಿಗೆ ನಾಲ್ಕು ಭೇಟಿ, ನಡುವಿನವರಿಗೆ ಒಂದು, ಚಿಕ್ಕವರಿಗೆ ಮೂರು ತಿಂಗಳಿಗೊಂದು. ಪ್ರತಿ ಭೇಟಿಗೆ ಎಷ್ಟು ಹೊತ್ತು, ನಡುವೆ ಓಡಾಟ ಎಷ್ಟು, ಎಲ್ಲಾ ಕೂಡಿಸಿದರೆ ಚಿತ್ರ ತಿರುವುಮುರುವಾಯಿತು. 260ರವರ ಗಿರಾಕಿಗಳು ಬಹುತೇಕ ಚಿಕ್ಕವರು, ಅದೂ ಒತ್ತೊತ್ತಾಗಿದ್ದವರು. 180ರವರು ದಿನಕ್ಕೆ ಮೂರು ಗಂಟೆ ರಸ್ತೆಯಲ್ಲೇ ಕಳೆಯುತ್ತಿದ್ದರು. ಪಾಪ, ಗಿರಾಕಿಗಳು ಕಡಿಮೆ, ಸಾಲದು ಅಂತ ನಾವೇ ಅವರನ್ನು ಚುಚ್ಚುತ್ತಿದ್ದೆವು.

ಹಾಗಾಗಿ ಈ ವಿಷಯದಲ್ಲಿ ನಾನು ನೋಡಿದ್ದು ಒಂದೇ. ಗಡಿ ಗೆರೆಯನ್ನು ಮೌಸ್‌ನಿಂದ ಎಳೆದಾಗ ಎರಡೂ ಕಡೆಯ ಮೊತ್ತ ಆಗಲೇ ಬದಲಾಗುತ್ತಾ? ಆ ಮೊತ್ತ ನಾನು ಹೇಳಿದ ಕಾಲಂನದೇ ಆಗಿರುತ್ತಾ, ಅಥವಾ ಗಿರಾಕಿಗಳ ಎಣಿಕೆ ಮಾತ್ರವಾ? ತಾನೇ ಎಲ್ಲಾ ಹಂಚಿಕೊಡುತ್ತೇನೆ ಅನ್ನುವ ಬಟನ್ ಕೂಡ ಕೆಲವದರಲ್ಲಿ ಇದೆ. ಒತ್ತಿ ನೋಡಿದೆ. ಲೆಕ್ಕ ಸರಿಯಾಗೇ ಇತ್ತು. ಆದರೆ ಒಬ್ಬರು ಎಂಟು ವರ್ಷದಿಂದ ನೋಡಿಕೊಂಡ ಗಿರಾಕಿಗಳಲ್ಲಿ ಮೂರನೇ ಒಂದು ಭಾಗ ಬೇರೆಯವರ ಪಾಲಾಗಿತ್ತು. ಸಂಬಂಧ ಅನ್ನುವ ಕಾಲಂ ನಮ್ಮ ಪಟ್ಟಿಯಲ್ಲಿರಲಿಲ್ಲ, ಅಲ್ವಾ? ಆ ಬಟನ್ನಿನ ಫಲಿತಾಂಶವನ್ನು ಮೊದಲ ಕರಡು ಅಂತಷ್ಟೇ ಇಟ್ಟುಕೊಂಡು, ಅವರವರನ್ನೇ ಕೂರಿಸಿಕೊಂಡು ಗೆರೆ ಸರಿಸಿದೆವು.

ದಾರಿ ಹುಡುಕುವುದರ ಬಗ್ಗೆ ಜಾಸ್ತಿ ಹೇಳೋದಿಲ್ಲ. 10 ಕಡೆ ಹೋಗಬೇಕಾದರೆ ಅವನ್ನು 36,28,800 ಕ್ರಮದಲ್ಲಿ ಜೋಡಿಸಬಹುದು, ಆ ಲೆಕ್ಕ ಮನುಷ್ಯನ ಕೈಲಾಗದು ಅಂತ ಮಾರುವವರು ಹೇಳುತ್ತಾರೆ. ಲೆಕ್ಕ ನಿಜ. ಆದರೆ ನಮ್ಮವರಿಗೆ ಚಿಕ್ಕ ದಾರಿಗಿಂತ, ಆ ಮನುಷ್ಯ ಯಾವಾಗ ಮಾತಿಗೆ ಸಿಗುತ್ತಾನೆ ಅನ್ನೋದು ಮುಖ್ಯ. ಬೆಳಿಗ್ಗೆ 11ರ ಮೇಲೆ ಅಂತ ಪ್ರತಿ ಗಿರಾಕಿಗೂ ಹೊತ್ತು ಹಾಕಲು ಆಗದ ಸಾಧನ ಕೊಟ್ಟ ದಾರಿಯನ್ನು ಎರಡನೇ ದಿನವೇ ಎಲ್ಲರೂ ಕೈಬಿಟ್ಟರು.

ಹೊರಬರುವ ಬಾಗಿಲನ್ನು ಒಳಹೋಗುವ ಮೊದಲೇ ನೋಡಿಕೊಳ್ಳಬೇಕು. ಮೈಕ್ರೋಸಾಫ್ಟ್ ಮ್ಯಾಪ್‌ಪಾಯಿಂಟ್ ಒಂದು ಕಾಲದಲ್ಲಿ ಸೇಲ್ಸ್‌ನವರ ಅಚ್ಚುಮೆಚ್ಚು. 2014ರ ಕೊನೆಗೆ ನಿಂತಿತು. ಪಟ್ಟಿಯನ್ನು ನಕ್ಷೆಯಾಗಿಸುತ್ತಿದ್ದ ಗೂಗಲ್ ಫ್ಯೂಷನ್ ಟೇಬಲ್ಸ್ 2019ರ ಡಿಸೆಂಬರ್‌ನಲ್ಲಿ ಮುಚ್ಚಿತು. ನಮ್ಮ ಮೊದಲ ಸಾಫ್ಟ್‌ವೇರ್ ಬಿಡುವಾಗ ಪಿನ್‌ಗಳು ಸಿಎಸ್‌ವಿಯಾಗಿ ಬಂದವು, ಕೈಯಿಂದ ಎಳೆದ ಏರಿಯಾ ಗಡಿಗಳು ಬರಲೇ ಇಲ್ಲ. ಮತ್ತೆ ಮೊದಲಿನಿಂದ ಎಳೆದೆ. ಈಗ ಟ್ರಯಲ್ ಅವಧಿಯಲ್ಲೇ ಒಂದು ಗಡಿ ಎಳೆದು, ಹೊರಗೆ ತೆಗೆದು, ಕ್ಯುಜಿಐಎಸ್‌ನಲ್ಲಿ ತೆರೆದು ನೋಡುತ್ತೇನೆ. ಶೇಪ್‌ಫೈಲ್ (ನಕ್ಷೆಯ ಆಕಾರಗಳನ್ನು ಇಡುವ ಹಳೇ ಬಗೆಯ ಫೈಲು) ಆಗಿ ಕೊಟ್ಟರೆ ಒಂದು ಎಚ್ಚರ: ಅದರಲ್ಲಿ ಕಾಲಂ ಹೆಸರು 10 ಅಕ್ಷರಕ್ಕೆ ಕತ್ತರಿಸಿ ಹೋಗುತ್ತದೆ. ಕೊನೇ ಆರ್ಡರಿನ ದಿನಾಂಕ, ಕೊನೇ ಆರ್ಡರಿನ ಮೊತ್ತ ಎರಡಕ್ಕೂ ನಾನು ಇಟ್ಟ ಇಂಗ್ಲಿಷ್ ಹೆಸರುಗಳ ಮೊದಲ ಹತ್ತಕ್ಷರ ಒಂದೇ. ಯಾವುದು ಯಾವುದು ಅಂತ ಗೊತ್ತಾಗಲಿಲ್ಲ.

ಲೈಸೆನ್ಸಿನಲ್ಲಿ ಸಣ್ಣಕ್ಷರದ ಎರಡು ಸಾಲು ಓದಿದರೆ ಸಾಕು. ಬರೀ ನೋಡುವವರಿಗೂ ಪೂರ್ತಿ ಸೀಟು, ಅಂದರೆ ಒಬ್ಬರ ಪೂರ್ತಿ ಲೈಸೆನ್ಸ್, ಬೇಕಾ? ಜಿಯೊಕೋಡ್ ಮಾಡಿದ ಜಾಗಗಳನ್ನು ನಾವು ಇಟ್ಟುಕೊಳ್ಳಬಹುದಾ? ಕೆಲವು ಸೇವೆಗಳು ಕೆಲವೇ ದಿನ ಇಟ್ಟುಕೊಳ್ಳಲು ಬಿಡುತ್ತವೆ. ಜನರೇ ಸೇರಿ ಮಾಡಿದ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯ ನಾಮಿನೇಟಿಮ್ ಅನ್ನುವ ಬಿಟ್ಟಿ ಜಿಯೊಕೋಡಿಂಗ್ ಸೇವೆಯಲ್ಲಿ ಸೆಕೆಂಡಿಗೆ ಒಂದಕ್ಕಿಂತ ಜಾಸ್ತಿ ವಿಳಾಸ ಕೇಳುವಂತಿಲ್ಲ. ಗಿರಾಕಿಗಳ ಪಟ್ಟಿ ಹೊರಗಿನ ಸರ್ವರಿಗೆ ಹೋಗುತ್ತದೆ ಅನ್ನುವುದೂ ನೆನಪಿರಲಿ.

ಕೊನೆಗೆ ಒಂದೇ ಸಾಫ್ಟ್‌ವೇರ್ ಆರಿಸಲಿಲ್ಲ. ಏರಿಯಾ ಹಂಚುವುದು, ಲೆಕ್ಕ ಮಾಡುವುದು ಆಫೀಸಿನಲ್ಲಿ ಕ್ಯುಜಿಐಎಸ್ ಮೇಲೆ, ನನ್ನೊಬ್ಬನ ಕೆಲಸ. ಹೊರಗಿನವರ ಕೈಗೆ ನೆಟ್‌ವರ್ಕ್ ಇಲ್ಲದೆಯೂ ತೆರೆಯುವ ಒಂದು ಸಾದಾ ಫೋನ್ ಆ್ಯಪ್. ನೋಡೋಕೆ ಏನೂ ಚೆಂದ ಇಲ್ಲ, ಡೆಮೊದಲ್ಲಿ ಯಾರೂ ತಲೆದೂಗಲಿಲ್ಲ. ಅದನ್ನು ಆರಿಸಲು ಒಂದು ಕಾರಣ, ಪಿನ್ ತಪ್ಪಿದ್ದರೆ ಅಲ್ಲಿ ನಿಂತವರೇ ಬೆರಳಿನಿಂದ ಎಳೆದು ಸರಿ ಮಾಡಬಹುದು. ಸರಿ ಮಾಡಿದ್ದು ನನ್ನ ಪಟ್ಟಿಗೂ ಬರುತ್ತದೆ.

ಮೊದಲ ವಾರ ಬಂದ ತಿದ್ದುಪಡಿಗಳನ್ನು ಒಂದೊಂದಾಗಿ ನೋಡುತ್ತಿದ್ದೆ. ಕಟ್ಟಡದ ಮೇಲೆ ಕರಾರುವಾಕ್ಕಾಗಿ ಕೂತಿದ್ದ ಒಬ್ಬ ದೊಡ್ಡ ಗಿರಾಕಿಯ ಪಿನ್ನನ್ನು ಆ ಹಿರಿಯ ಸೇಲ್ಸ್‌ಮನ್ 200 ಮೀಟರ್ ಆಚೆ ಎಳೆದಿದ್ದರು. ತಪ್ಪಾಗಿ ಕೈ ತಾಗಿರಬೇಕು ಅಂದುಕೊಂಡು ಫೋನ್ ಮಾಡಿದೆ.

"ಕೈ ತಾಗಿದ್ದಲ್ಲ ಸರ್, ನಾನೇ ಎಳೆದಿದ್ದು. ಮುಂದಿನ ಗೇಟಲ್ಲಿ ವಾಚ್‌ಮನ್ ಬಿಡೋದಿಲ್ಲ. ಆರ್ಡರ್ ಕೊಡೋ ಸ್ಟೋರ್ಸ್‌ನವರು ಹಿಂದಿನ ಗೇಟ್ ಹತ್ರ ಕೂತಿರ್ತಾರೆ."